ಏಳನ್ನು ಎರಡು ಮಾಡಿದ್ದು

ನಮ್ಮ ಕೆರೆಯ ತೂಬಿಗೆ ಓದು ಬರುತ್ತದೆ. ಬೆಳಗ್ಗೆ ನೀರುಗಂಟಿ ಈರಯ್ಯ ಪಾಲು ಬರೆದ ಹಲಗೆಯನ್ನು ತಂದು ಅದರ ಮುಂದಿನ ಗೂಟಕ್ಕೆ ನೇತುಹಾಕಿ ಹಿಂದಕ್ಕೆ ಸರಿದರೆ ಸಾಕು, ಒಳಗಿನ ಬಾಗಿಲುಗಳು ತಾವೇ ತೆರೆದುಕೊಂಡು ಯಾರ ಯಾರ ಕಾಲುವೆಗೆ ಎಷ್ಟೆಷ್ಟು ಬರೆದಿದೆಯೋ ಅಷ್ಟಷ್ಟು ನೀರನ್ನು ಬಿಡುತ್ತವೆ. ಬಿಸಿಲೇರಿದ ಮೇಲೆ ಈರಯ್ಯ ಹಲಗೆ ತೆಗೆದರೆ ನಿಲ್ಲುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಮೊದಲ ದಿನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಸ್ವಲ್ಪ ದಿನ ಕಳೆದರೆ ಅವರೂ ಕೊಡ ಕೆಳಗಿಟ್ಟು, "ಇದೇನು ಈರಯ್ಯ ಇವತ್ತು ಇನ್ನೂ ಎದ್ದೇ ಇಲ್ವಾ" ಎಂದು ಗೊಣಗುತ್ತಾರೆ. ನಾನೂ ಹಾಗೆ ಬಂದವಳೇ.

ತೂಬಿಗೆ ಬರೆಯುವ ಮಾತು ನಾವು ಆಡುವ ಮಾತಲ್ಲ. ಅದರಲ್ಲಿ ಪದ ಕಡಿಮೆ, ಕಟ್ಟು ಹೆಚ್ಚು. ಆ ಮಾತಿನ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ಬಗೆ, ತಲೆ ಮತ್ತು ಧಾರೆ. ಎಣಿಸುವಂಥದ್ದೆಲ್ಲ ತಲೆ. ಆಳು, ಎಮ್ಮೆ, ಕುರಿ, ಮರ ಇವೆಲ್ಲ ತಲೆಗೆ ಸೇರಿದವು; ಅವುಗಳಲ್ಲಿ ಅರ್ಧ ಎಂಬುದಿಲ್ಲ, ಅರ್ಧ ಕುರಿಯನ್ನು ಯಾರೂ ಮೇಯಿಸುವುದಿಲ್ಲ. ಅಳೆಯುವಂಥದ್ದು ಧಾರೆ. ನೀರು, ಹಾಲು, ಎಣ್ಣೆಯನ್ನು ಎಷ್ಟು ಬೇಕಾದರೂ ಸೀಳಬಹುದು. ಹಲಗೆಯ ಮೇಲೆ ಬರುವ ಹೆಸರುಗಳಿಗೆಲ್ಲ ಇವೆರಡರಲ್ಲೊಂದು ಬಗೆಯನ್ನು ಕಟ್ಟಿಯೇ ಇರುತ್ತಾರೆ. ಅಂಕಿಗೆ ಮಾತ್ರ ಹಾಗಿಲ್ಲ. ಐದು ಎಂದು ಬರೆದರೆ ಅದು ಬರಿಯ ಐದು. ಅದಕ್ಕೆ ನಮ್ಮಲ್ಲಿ ಬೋಳು ಅಂಕಿ ಎನ್ನುತ್ತಾರೆ. ಯಾರ ಜೊತೆ ಕೂರಿಸಿದರೆ ಅವರ ಬಗೆಯಾಗುವುದು ಅದರ ಗುಣ.

ಈ ಕಟ್ಟು ಊರಿನವರ ನಾಲಿಗೆಗೂ ಹತ್ತಿಬಿಟ್ಟಿದೆ. ಅಂಗಡಿಗೆ ಹೋಗಿ "ಮೂರು ಕೊಡು" ಎಂದರೆ ಅಂಗಡಿಯವನು ಕೈಕಟ್ಟಿ ಕುಳಿತೇ ಇರುತ್ತಾನೆ. ಮೂರು ತಲೆ ಬೆಲ್ಲದಚ್ಚೋ ಮೂರು ಧಾರೆ ಎಣ್ಣೆಯೋ ಬಿಡಿಸಿ ಹೇಳಬೇಕು. ಹೆಣ್ಣು ನೋಡಲು ಬಂದವರು ಹುಡುಗಿಯ ವಯಸ್ಸು ಕೇಳಿದರೆ ಮುಗಿಯಿತು, ವಯಸ್ಸು ತಲೆ ಎಂದು ಗಂಡಸರು, ಧಾರೆ ಎಂದು ಹೆಂಗಸರು. "ನಮ್ಮ ವಯಸ್ಸು ಹರಿಯೋದು ಕಣಪ್ಪ, ನಿಲ್ಲಿಸ್ಕೊಂಡು ಎಣಿಸೋಕೆ ಅದೇನು ಕುರಿಯಾ" ಎಂದು ನಮ್ಮತ್ತೆ ಅನ್ನುತ್ತಿದ್ದಳು.

ತೂಬಿನ ಎಡಕ್ಕೊಂದು ಬಲಕ್ಕೊಂದು ಕಲ್ಲು ನೆಟ್ಟಿದೆ. ಹಲಗೆಯ ಮಾತಿನ ಕಟ್ಟುಗಳನ್ನು ಕೆತ್ತಿದ ಕಲ್ಲುಗಳು. ಬೋಳು ಅಂಕಿ ತಾನು ಕುಳಿತ ಸಾಲಿನ ಬಗೆಯನ್ನೇ ಪಡೆಯುತ್ತದೆ ಎಂದು ಎಡಗಲ್ಲು ಹೇಳುತ್ತದೆ. ಬೋಳು ಅಂಕಿಗೆ ಬೋಳು ಅಂಕಿ ಎದುರಾದರೆ ಎರಡೂ ತಲೆಯಾಗುತ್ತವೆ ಎಂದು ಬಲಗಲ್ಲು ಹೇಳುತ್ತದೆ. ಧಾರೆಯ ಸಾಲಿನಲ್ಲೇ ಎರಡು ಬೋಳು ಅಂಕಿ ಎದುರುಬದುರು ಕುಳಿತರೆ ಯಾವ ಕಲ್ಲಿನ ಮಾತು ಮೊದಲು ಎಂದು ಮಾತ್ರ ಎರಡೂ ಹೇಳುವುದಿಲ್ಲ. ಮೇಗಲಕೇರಿಯವರು ಎಡಗಲ್ಲು ಎನ್ನುತ್ತಾರೆ, ಕೆಳಗಲಕೇರಿಯವರು ಬಲಗಲ್ಲು. ಮದುವೆ ಊಟದ ಪಂಕ್ತಿಯಲ್ಲಿ ಪಾಯಸ ಬರುವವರೆಗೆ ಹೊತ್ತು ಕಳೆಯಲು ಇದೇ ಅವರಿಗೆ ಒಳ್ಳೆಯ ಜಗಳ. ಪರೀಕ್ಷೆ ಮಾಡಿ ನೋಡಲು ಯಾರಿಗೂ ಧೈರ್ಯವಿಲ್ಲ, ಹಲಗೆಗೆ ಬರೆದದ್ದು ಹರಿದೇ ತೀರುತ್ತದೆ. ಅಗತ್ಯವೂ ಬಿದ್ದಿರಲಿಲ್ಲ. ನಮ್ಮ ಹಿರಿಯರು ಪ್ರತಿ ಮನೆಗೂ ಆರೋ ಎಂಟೋ ಹತ್ತೋ ಧಾರೆ ಎಂದು ಸಮನಾಗಿ ಒಡೆಯುವಂತೆಯೇ ಇಟ್ಟಿದ್ದರು. ಅಣ್ಣತಮ್ಮಂದಿರಿಬ್ಬರು ಪಾಲಾದರೂ ಯಾವ ಕಲ್ಲಿನ ಪ್ರಕಾರ ಒಡೆದರೂ ಒಂದೇ ಫಲ ಬರುತ್ತಿತ್ತು. ಏಳು ಧಾರೆಯಿದ್ದದ್ದು ಒಂದೇ ಮನೆಗೆ. ಏರಿ ಕಟ್ಟುವಾಗ ಮಣ್ಣಿಗೆ ಹೊಲ ಬಿಟ್ಟುಕೊಟ್ಟರೆಂದು ಅವರ ಅಜ್ಜನಿಗೆ ಆರರ ಮೇಲೆ ಒಂದು ಸೇರಿಸಿ ಕೊಟ್ಟಿದ್ದರಂತೆ.

ಆ ಮನೆಯ ಕಿರಿಸೊಸೆ ಸಣ್ಣತಾಯಮ್ಮ ನನ್ನ ಪಕ್ಕದ ಮನೆಯವಳು. ನಾವಿಬ್ಬರೂ ನಮ್ಮ ಜಗಲಿಯಲ್ಲಿ ಎದುರುಬದುರು ಕೂತು ಚಾಪೆ ಹೆಣೆಯುತ್ತೇವೆ. ಅವಳ ಗಂಡ ತೀರಿಕೊಂಡು, ಆಮೇಲೆ ಮಾವನೂ ಹೋದ ಮೇಲೆ ಪಾಲಾಯಿತು. ಮೇಲಿನ ಗದ್ದೆ ಬಾವ ಬೋರಲಿಂಗಯ್ಯನಿಗೆ, ಕೆಳಗಿನ ಜೊಂಡಿನ ಮಡಿಗಳು ಇವಳಿಗೆ. ಮನೆಯ ನಡುವೆ ಒಂದು ಗೋಡೆ ಎದ್ದಿತು. ನೀರಿಗೆ ಹಲಗೆಯ ಮೇಲೆ ಎರಡು ಸಾಲು ಬಿದ್ದವು. ಬೋರಲಿಂಗಯ್ಯನ ಧಾರೆ, ಏಳನ್ನು ಎರಡು ಮಾಡಿದ್ದು. ಸಣ್ಣತಾಯಮ್ಮನ ಧಾರೆ, ಏಳನ್ನು ಎರಡು ಮಾಡಿದ್ದು. ಪಾಲು ಮಾಡಿದ ಹಿರಿಯರು ಓದಿ ಹೇಳಿ, ಇಬ್ಬರಿಗೂ ಮೂರೂವರೆ ಎಂದು ಎಲೆಅಡಿಕೆ ಹಾಕಿಕೊಂಡು ಎದ್ದರು.

ಸಣ್ಣತಾಯಮ್ಮನ ಕಾಲುವೆಯ ಬಾಯಲ್ಲಿರುವ, ಧಾರೆಗೊಂದು ಗೀರು ಕೊರೆದ ಗೀರುಗಲ್ಲಿನಲ್ಲಿ ನೀರು ಮೂರನೆಯ ಗೀರಿಗಿಂತ ಮೇಲಕ್ಕೆ ಒಂದು ದಿನವೂ ಏರಲಿಲ್ಲ. ಮೊದಮೊದಲು ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮಡಿಗಳು ಹಸಿರಾಗಿಯೇ ಇದ್ದವು, ಕೊನೆಯದೊಂದನ್ನು ಬಿಟ್ಟು. ಆ ಕೊನೆಯ ಮಡಿಯಲ್ಲೇ ಉದ್ದ ಜೊಂಡು ಬರುವುದು. ಹಸೆಗೆ ಹಾಸುವ ದೊಡ್ಡ ಚಾಪೆಗೆ ಬೇಕಾದದ್ದು. ಅದು ವರ್ಷದಿಂದ ವರ್ಷಕ್ಕೆ ಗಿಡ್ಡವಾಗಿ, ಈ ಸಲ ತುದಿಯಿಂದ ಹಳದಿ ಇಳಿಯತೊಡಗಿತ್ತು. ಪಾಲಾದವರಲ್ಲಿ ಕಿರಿಯರ ಮಡಿ ಒಣಗಿದರೆ ಅದು ಹಿರಿಯ ಮನೆಗೆ ಹಿಂದಿರುಗಬೇಕು ಎಂಬುದು ನಮ್ಮ ಊರಿನ ಕಟ್ಟಳೆ. ಕಾರ್ತಿಕದಲ್ಲಿ ಊರಿನವರು ಬಂದು ಬೇರು ಕಿತ್ತು ನೋಡುತ್ತಾರೆ. ಬೇರಿನಲ್ಲಿ ಹಸಿ ಇಲ್ಲದಿದ್ದರೆ ಮಡಿ ಹೋಯಿತು.

"ನಮ್ಮ ಬಾವ ಕಾರ್ತಿಕಕ್ಕೆ ಕಾಯ್ತಾ ಅವ್ರೆ, ನಂಜಕ್ಕ" ಎಂದಳು ಒಂದು ದಿನ, ಕೈಯೊಳಗಿನ ಹೆಣಿಗೆಯಿಂದ ತಲೆ ಎತ್ತದೆ. "ನನ್ನ ಅರ್ಧ ಧಾರೆ ಅವರ ಗದ್ದೇಗೆ ಹೋಗ್ತಾ ಐತೆ. ನೀರೂ ಅವರಿಗೆ, ಮಡೀನೂ ಅವರಿಗೆ."

"ನೋಡಿದೀಯಾ?"

"ಹೆಂಗೆ ನೋಡ್ಲಿ?"

ಅದೂ ನಿಜವೇ. ಪಾಲಾದವರು ಒಬ್ಬರ ಕಾಲುವೆಯನ್ನು ಇನ್ನೊಬ್ಬರು ಇಣುಕಬಾರದು. ಪಕ್ಕದ ಮನೆಯ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ ಹಾಗೆ ಅದು. ಅವಳು ಈರಯ್ಯನ ಹತ್ತಿರ ಹೋಗಿ ಕೇಳಿದಳು. ಹಲಗೆ ಬರೆಯುವುದು, ಅಳಿಸುವುದು, ನೇತುಹಾಕುವುದು ಎಲ್ಲ ಅವನದೇ. ಅವನು ಮೇಗಲಕೇರಿಯವನು. ಎಡಗಲ್ಲನ್ನು ತೋರಿಸಿ, "ಧಾರೆಯ ಸಾಲು ಕಣವ್ವ ಅದು. ಏಳೂ ಧಾರೆ, ಎರಡೂ ಧಾರೆ. ಮೂರೂವರೆ ಹೋಗ್ಲೇಬೇಕು. ತೂಬು ಯಾವತ್ತಾದ್ರೂ ತಪ್ಪಿದ್ದುಂಟಾ? ತಪ್ಪೋದು ಮನುಷ್ಯರು" ಎಂದ. ಹಾಗೆ ಹೇಳುವಾಗ ಬೋರಲಿಂಗಯ್ಯನ ಗದ್ದೆಯ ಕಡೆ ಒಂದು ಸಲ ನೋಡಿದನಂತೆ. ಸಣ್ಣತಾಯಮ್ಮನಿಗೆ ಅಷ್ಟು ಸಾಕಾಯಿತು. ಅವತ್ತಿನಿಂದ ನಡುಗೋಡೆಯ ಬಾಗಿಲಿಗೆ ಇವಳ ಕಡೆಯಿಂದ ಅಗುಳಿ ಬಿತ್ತು. ಆ ಕಡೆಯಿಂದ ಮೊದಲೇ ಬಿದ್ದಿತ್ತು ಎಂಬುದು ಆಮೇಲೆ ಗೊತ್ತಾಯಿತು.

ಭಾದ್ರಪದ ಕಳೆಯುವ ಹೊತ್ತಿಗೆ ಹಳದಿ ಬುಡಕ್ಕೆ ಬಂದಿತ್ತು. ಒಂದು ಬೆಳಗ್ಗೆ ಅವಳು ಸೆರಗು ಸಿಕ್ಕಿಸಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತಳು. "ಬಾ ನಂಜಕ್ಕ, ಬಾವನ ಗೀರುಗಲ್ಲು ನೋಡಿ ಬರೋಣ. ಅವರು ಈ ಹೊತ್ತಿನಲ್ಲಿ ಮನೇಲಿ ಗಂಜಿ ಕುಡೀತಿರ್ತಾರೆ."

"ಕಟ್ಟಳೆ ಮುರಿದಂಗೆ ಆಗಾಕಿಲ್ವೇನೆ?"

"ನಾನೊಬ್ಬಳೇ ಹೋದ್ರೆ ಕದ್ದಂಗೆ. ನೀನೂ ಬಂದ್ರೆ ನೋಡಿದಂಗೆ."

ಆ ನ್ಯಾಯ ಯಾವ ಕಲ್ಲಿನಲ್ಲಿತ್ತೋ ಗೊತ್ತಿಲ್ಲ, ನಾನು ಹೋದೆ. ಏರಿಯ ಹಿಂಬದಿಯಿಂದ ಬಳಸಿಕೊಂಡು ಮೇಲಿನ ಗದ್ದೆಗೆ ಬಂದೆವು. ನೀರು ಹರಿಯುತ್ತಿತ್ತು. ಬೋರಲಿಂಗಯ್ಯನ ಗೀರುಗಲ್ಲಿಗೆ ಪಾಚಿ ಕಟ್ಟಿತ್ತು. ಸಣ್ಣತಾಯಮ್ಮ ಕೂತು ಕೈಯಿಂದ ಪಾಚಿ ಒರೆಸಿ, ಬೆರಳಿನಿಂದ ಗೀರುಗಳನ್ನು ಕೆಳಗಿನಿಂದ ಮುಟ್ಟುತ್ತ ಬಂದಳು. ನೀರಿನ ಮೈ ಮೂರನೆಯದಕ್ಕೆ ಸರಿಯಾಗಿ ನಿಂತಿತ್ತು. ಮತ್ತೊಮ್ಮೆ ಮುಟ್ಟಿ ನೋಡಿದಳು. ನನ್ನನ್ನೂ ಕೂರಿಸಿ ಮುಟ್ಟಿಸಿದಳು. ಮೂರೇ.

ಎದ್ದು ಬಂದ ದಾರಿಯಲ್ಲೇ ಹೊರಟೆವು. ಏರಿಯ ತಿರುವಿನಲ್ಲಿ ಎದುರಿಗೆ ಬೋರಲಿಂಗಯ್ಯ ಬರುತ್ತಿದ್ದ. ಪಂಚೆಯನ್ನು ಮೇಲಕ್ಕೆ ಕಟ್ಟಿದ್ದ, ಮೊಣಕಾಲವರೆಗೂ ಕೆಸರು, ಕೈಗೆ ಜೊಂಡಿನ ಗರಿ ಅಂಟಿತ್ತು. ಜೊಂಡು ಇರುವುದು ಇವಳ ಮಡಿಯಲ್ಲಿ ಮಾತ್ರ. ಮೂವರೂ ನಿಂತೆವು. ಅವನು ಇವಳ ಬೆರಳುಗಳಿಗೆ ಹತ್ತಿದ್ದ ಪಾಚಿ ನೋಡಿದ, ಇವಳು ಅವನ ಕೈ ನೋಡಿದಳು.

ಬೋರಲಿಂಗಯ್ಯ ನನ್ನ ಕಡೆ ತಿರುಗಿದ. "ನಂಜಕ್ಕ, ಕೇಳು ಅವಳನ್ನ. ಗಂಜಿ ಹೊತ್ತಿನಲ್ಲಿ ನಮ್ಮ ಗದ್ದೇಲಿ ಏನು ಕೆಲಸ ಅಂತ."

"ನಂಜಕ್ಕ, ಬಾವನ್ನ ಕೇಳು. ಅವರು ಗಂಜಿಗೆ ನನ್ನ ಮಡೀಗೆ ಯಾಕೆ ಹೋಗಿದ್ರು ಅಂತ."

ನನಗೆ ನಗು ಬಂತು. "ನೋಡಿ, ನಾನು ನಡುಗೋಡೆ ಅಲ್ಲ. ನೀವೇ ಮಾತಾಡ್ಕಳಿ" ಎಂದೆ.

ಬೋರಲಿಂಗಯ್ಯ ಮೆಲ್ಲಗೆ, "ನಿನ್ನ ಕಲ್ಲಲ್ಲಿ ಮೂರೇ ಐತಲ್ಲಮ್ಮ" ಎಂದ.

"ನಿಮ್ಮ ಕಲ್ಲಲ್ಲೂ ಮೂರೇ ಬಾವ."

"ನಾನು ನಿನ್ನದ್ರಲ್ಲಿ ನಾಲ್ಕು ಇರ್ತದೆ ಅಂತ ಹೋಗಿದ್ದೆ. ಇಷ್ಟು ವರ್ಷ ಅಪ್ಪನ ಸೊಸೆ, ತಮ್ಮನ ಹೆಂಡ್ತಿ, ಹೋಗ್ಲಿ ಕುಡೀಲಿ ಅಂತ ಬಾಯಿ ಮುಚ್ಕೊಂಡಿದ್ದೆ. ಮೊನ್ನೆ ನಮ್ಮೋಳು ಸುಮ್ಮನಿರಲಿಲ್ಲ. ನೋಡಿಬಿಟ್ಟು ಬನ್ನಿ ಅಂದ್ಲು."

"ನಾನೂ ನಿಮ್ಮದ್ರಲ್ಲಿ ನಾಲ್ಕು ಅಂತಾನೇ ಬಂದೆ."

"ಹಂಗಾದ್ರೆ ಮೂರೂ ಮೂರೂ ಆರು" ಎಂದ ಬೋರಲಿಂಗಯ್ಯ. "ಇನ್ನೊಂದು ಎಲ್ಲಿ?"

ತೂಬು ಬಿಟ್ಟ ನೀರನ್ನು ಹಿಂದಕ್ಕೆ ನುಂಗುವುದಿಲ್ಲ. ಆ ಮನೆಗೆಂದು ಏಳು ಹೊರಟರೆ ಏಳೂ ಎಲ್ಲಿಗಾದರೂ ಇಳಿಯಲೇಬೇಕು. ತೂಬಿನ ಬಲಗಡೆ ಕೇದಗೆ ಮೆಳೆಯ ಅಡಿಯಲ್ಲಿ ಒಂದು ಹಳೆಯ ಗಂಡಿಯಿದೆ. ಯಾರ ಹೆಸರಿಗೂ ಸೇರದ ನೀರು ಹೋಗಲೆಂದು ಹಿಂದಿನವರು ಬಿಟ್ಟದ್ದು. ಮುಳ್ಳಿಗೂ ಹಾವಿಗೂ ಹೆದರಿ ಆ ಕಡೆ ಯಾರೂ ಹೋಗುವುದಿಲ್ಲ. ಬೋರಲಿಂಗಯ್ಯ ಸೊಂಟದ ಕುಡುಗೋಲಿನಿಂದ ಮುಳ್ಳು ಸವರುತ್ತ ಮುಂದೆ ನಡೆದ. ನಾವು ಹಿಂದೆ. ಗಂಡಿಯಿಂದ ಒಂದು ಸಣ್ಣ ಹಳ್ಳ ಸಲೀಸಾಗಿ, ಹುಟ್ಟಿನಿಂದಲೂ ಇದೇ ತನ್ನ ದಾರಿ ಎಂಬಂತೆ ಇಳಿದು ಹೋಗುತ್ತಿತ್ತು. ಅದನ್ನೇ ಹಿಡಿದು ಇಳಿದೆವು. ಊರಿನ ಗಡಿಯ ಹುಣಸೆಮರ ದಾಟಿ ಕಲ್ಲುಭೂಮಿಗೆ ಬಂದಾಗ ಬಾತುಗಳ ಸದ್ದು ಕೇಳಿಸಿತು.

ಅಲ್ಲೊಂದು ಮಡುವಿತ್ತು. ಸುತ್ತ ಕೈಯಿಂದ ಜೋಡಿಸಿದ ಕಲ್ಲು, ದಂಡೆಯ ಮೇಲೆ ಸೋರೆಬಳ್ಳಿ, ಈಚಲು ಗರಿಯ ಗುಡಿಸಲು. ನೀರಿನ ತುಂಬ ಬಾತುಕೋಳಿ. ಒಬ್ಬ ಹೆಂಗಸು ಮೊರದಲ್ಲಿ ಬಸವನಹುಳು ಜಜ್ಜುತ್ತ ಕೂತಿದ್ದಳು. ಅವಳು ಗುರುವಿ. ಬಾತು ಹೊಡೆದುಕೊಂಡು ಗದ್ದೆಯಿಂದ ಗದ್ದೆಗೆ ತಿರುಗುವ ಜನದವಳು. ಗಂಡ ಮೊಟ್ಟೆಬುಟ್ಟಿ ಹೊತ್ತು ಸಂತೆಗೆ ಹೋಗಿದ್ದ. ನಮ್ಮನ್ನು ನೋಡಿ ಎದ್ದು, ಕುಡಿಯಲು ಅದೇ ನೀರನ್ನು ಸೋಸಿ ಕೊಟ್ಟಳು.

"ಇಲ್ಲಿಗೆ ಬಂದು ಎಷ್ಟು ಕಾಲ ಆಯ್ತವ್ವ?" ಎಂದು ಕೇಳಿದೆ.

"ನಮ್ಮ ದೊಡ್ಡೋನು ಹೊಟ್ಟೆಯಾಗಿದ್ದ ಕಣಮ್ಮ. ನಡೆಯಾಕೆ ಆಗ್ದೆ ಈ ಕಲ್ಲಿನ ಮ್ಯಾಲೆ ಕೂತೆ. ಕಾಲಡಿ ತೇವ ಇತ್ತು. ಇವರು ಕೆರೆದ್ರು, ನಿಂತ್ಕಂತು. ಅವತ್ತಿಂದ ಊರೂರು ತಿರುಗೋದು ತಪ್ತು." ಅವಳು ಹಳ್ಳ ಬರುವ ಕಡೆ ಗಲ್ಲ ಎತ್ತಿ ತೋರಿಸಿದಳು. "ದಿನಾ ಬೆಳಗ್ಗೆ ಬರ್ತದೆ, ಬಿಸಿಲು ಬಂದ್ರೆ ನಿಲ್ತದೆ. ಯಾರು ಬಿಡ್ತಾರೋ ಗೊತ್ತಿಲ್ಲ. ಆ ಕಡೀಕೆ ಒಂದು ಕೈ ಮುಗೀತೀವಿ." ಆಮೇಲೆ ನಮ್ಮ ಮೂವರ ಮುಖವನ್ನು ಒಂದೊಂದಾಗಿ ನೋಡಿ ದನಿ ತಗ್ಗಿಸಿದಳು. "ನಿಮ್ಮದಾ?"

ಬೋರಲಿಂಗಯ್ಯ ಬಾಯಿ ತೆರೆದ. ಸಣ್ಣತಾಯಮ್ಮ ಲೋಟವನ್ನು ಕೆಳಗಿಟ್ಟು, "ಬಿಸಿಲೇರ್ತಾ ಐತೆ, ಬರ್ತೀವವ್ವ" ಎಂದು ಎದ್ದಳು.

ನೇರವಾಗಿ ಈರಯ್ಯನ ಹತ್ತಿರ ಹೋದೆವು. ಅವನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆ ಎರಡು ಸಾಲುಗಳನ್ನು ಬಹಳ ಹೊತ್ತು ನೋಡಿದ. ಮೇಗಲಕೇರಿಯವನಿಗೆ ಅದು ನುಂಗಲಾರದ ತುತ್ತು. ಕೊನೆಗೆ ಹೇಳಿದ. "ಏಳಕ್ಕೆ ಎದುರು ಎರಡು ಬೋಳಾಗೇ ಕೂತೈತೆ. ತೂಬು ಸಾಲಿನ ಹೆಸರು ನೋಡೋಕೆ ಮುಂಚೆನೇ ಅವೆರಡನ್ನೂ ತಲೆ ಅಂತ ಹಿಡಿದುಬಿಟ್ಟೈತೆ. ಏಳು ಕುರಿ ಎರಡು ಮನೆಗೆ ಹಂಚಿದಂಗೆ. ಮೂರು ಮೂರು ಒಳಗೆ ಹೋದ್ವು, ಒಂದು ಬೀದೀಲಿ ನಿಂತ್ಕಂತು. ಆಮೇಲೆ ಆ ಮೂರಕ್ಕೆ ಧಾರೆ ಅಂತ ಹೆಸರಿಟ್ಟೈತೆ."

"ಅಂದ್ರೆ ಕೆಳಗಲಕೇರಿಯೋರು ಹೇಳಿದ್ದು ಸರಿ" ಎಂದೆ.

"ಎಡಗಲ್ಲೇನು ಸುಳ್ಳಾಯ್ತಾ? ಕೊನೇಗೆ ಧಾರೆ ಆಗೇ ಆಯ್ತಲ್ಲ" ಎಂದು ಈರಯ್ಯ ಸಿಡುಕಿದ. "ಹೋಗ್ಲಿ. ಏಳರ ಮುಂದೆ ಧಾರೆ ಅಂತ ಒಂದು ಪದ ಹಾಕಿದ್ರೆ ಬೋಳು ಹೋಯ್ತು. ಏಳು ಧಾರೆಯನ್ನು ಎರಡು ಮಾಡಿದ್ದು. ಇಬ್ಬರಿಗೂ ಮೂರೂವರೆ ಸರಿಯಾಗಿ ಬರ್ತದೆ. ಹಾಕ್ಲಾ?"

"ಹಾಕು" ಎಂದ ಬೋರಲಿಂಗಯ್ಯ.

"ಅವರ ಸಾಲಿಗೆ ಹಾಕು ಈರಯ್ಯ" ಎಂದಳು ಸಣ್ಣತಾಯಮ್ಮ. "ನನ್ನದು ಇದ್ದಂಗೇ ಇರ್ಲಿ."

ಈರಯ್ಯನ ಸುಣ್ಣದ ಕಡ್ಡಿ ಗಾಳಿಯಲ್ಲೇ ನಿಂತಿತು. ಬೋರಲಿಂಗಯ್ಯ, "ಏನಮ್ಮ ಇದು? ನಿನ್ನ ಮಡಿ ಹಳದಿ ಬಿದ್ದೈತೆ, ಈಗ್ಲೇ ನೋಡ್ಕೊಂಡು ಬಂದೆ. ಬಾತುಕೋಳಿಗೆ ಅರ್ಧ ಧಾರೆ ಬಿಟ್ಟು ನೀನು ಒಣಗ್ತೀಯಾ?" ಎಂದ.

"ಬಾವ, ಇಷ್ಟು ವರ್ಷ ನಿಮ್ಮನ್ನ ಬೈಕೊಂಡೇ ಮಲಗಿದೀನಿ, ಬೈಕೊಂಡೇ ಎದ್ದಿದೀನಿ. ಆ ನೀರು ನಿಮ್ಮ ಹೊಟ್ಟೇಲಿ ಐತೆ ಅಂತ. ಅದು ನೋಡಿದ್ರೆ ಬಸುರೀನ ಕೂರಿಸ್ಕೊಂಡು ಬಾತು ಸಾಕ್ತಾ ಐತೆ. ಈಗ ಹೋಗಿ ಅವಳ ಗುಡಿಸಲ ಮುಂದಿನಿಂದ ಎಳ್ಕೊಂಡು ಬರಾಕೆ ನನಗೆ ಕಾಲು ಬರಾಕಿಲ್ಲ."

"ಕಾರ್ತಿಕಕ್ಕೆ ಮಡಿ ಹೋಗ್ತದೆ ನಿಂದು. ನಮ್ಮ ಮನೆಗೇ ಬರ್ತದೆ."

"ಗೊತ್ತು."

"ಹಸೆ ಚಾಪೆ?"

"ಕೂರೋ ಚಾಪೆ ಹೆಣೀತೀನಿ. ಜನ ಮದುವೆ ಆಗೋದು ಒಂದು ಸಲ, ಕೂರೋದು ದಿನಾ" ಎಂದಳು. ನಗಲು ನೋಡಿದಳು, ಸರಿಯಾಗಿ ಬರಲಿಲ್ಲ.

ಬೋರಲಿಂಗಯ್ಯನಿಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನಿಗೇ ಗೊತ್ತಿದ್ದಂತಿರಲಿಲ್ಲ. "ನನ್ನ ಸಾಲಿಗೆ ಹಾಕಯ್ಯ. ನನ್ನ ಅಪ್ಪಂದು, ನನ್ನ ಅಜ್ಜಂದು. ಗಂಡಿಗೆ ಸುರಿಯಾಕೆ ನಾನೇನು ಧರ್ಮಛತ್ರ ಇಟ್ಟಿಲ್ಲ" ಎಂದು ಹೆಗಲ ಮೇಲಿನ ಟವೆಲು ಕೊಡವಿ ಹೊರಟುಹೋದ.

ಮರುದಿನ ಹಲಗೆ ನೇತುಬಿದ್ದಾಗ ಎರಡೂ ಕೇರಿಯವರು ಬಂದು ಸೇರಿದ್ದರು. ಸುದ್ದಿ ಹೇಗೋ ಹರಡಿತ್ತು. ಅದೇ ಏಳು, ಅದೇ ಎರಡು. ಒಂದು ಪದ ಇದ್ದ ಸಾಲಿಗೆ ಮೂರೂವರೆ ಇಳಿಯಿತು, ಇಲ್ಲದ ಸಾಲಿಗೆ ಮೂರು, ಉಳಿದ ಅರ್ಧ ಗಂಡಿಗೆ. ಕೆಳಗಲಕೇರಿಯವರು ಬೋಳು ಸಾಲನ್ನು ತೋರಿಸಿ ಗೆದ್ದೆವು ಎಂದರು. ಮೇಗಲಕೇರಿಯವರು ಪದ ಇದ್ದ ಸಾಲನ್ನು ತೋರಿಸಿ ಗೆದ್ದೆವು ಎಂದರು. ಮುಂದಿನ ಮದುವೆಗಳಿಗೆ ಹೊಸ ಜಗಳ ಸಿಕ್ಕಿತು. ಸಣ್ಣತಾಯಮ್ಮ ಆ ಗುಂಪಿನಲ್ಲಿ ನಿಲ್ಲದೆ ಮಡಿಯ ಕಡೆ ನಡೆದಳು. ನಾನೂ ಜೊತೆಗೆ ಹೋದೆ. ಅವಳು ಕೊನೆಯ ಮಡಿಗೆ ಇಳಿದು, ಇನ್ನೂ ಹಸಿರಿದ್ದ ಬುಡಗಳನ್ನು ಕೀಳತೊಡಗಿದಳು. ಕಾರ್ತಿಕದಲ್ಲಿ ಬೇರೆಯವರು ಕೀಳುವ ಮೊದಲು ತಾನೇ ಕಿತ್ತು, ಬದುಕುವಷ್ಟನ್ನು ಮೇಲಿನ ಮಡಿಗೆ ನೆಡುವುದು ಅವಳ ಲೆಕ್ಕ. ನಾಲ್ಕು ಬುಡ ಕಿತ್ತಿರಬಹುದು, ಮೇಲಿನ ಬದುವಿನಲ್ಲಿ ಗುದ್ದಲಿಯ ಸದ್ದಾಯಿತು.

ಬೋರಲಿಂಗಯ್ಯ ತನ್ನ ಕಾಲುವೆಯ ಬದುವನ್ನು ಕಡಿಯುತ್ತಿದ್ದ. ಅದು ಸರಿಯಾಗಿ ಇವಳ ಕೊನೆಯ ಮಡಿಯ ನೆತ್ತಿಯ ಮೇಲೆ ಹಾದುಹೋಗುತ್ತದೆ. ನಾವು ನೋಡುತ್ತಿದ್ದರೂ ಅವನು ನಮ್ಮ ಕಡೆ ನೋಡಲಿಲ್ಲ. ಒಂದೊಂದೇ ಹೆಂಟೆ ಬಿಡಿಸಿ ಪಕ್ಕಕ್ಕೆ ಇಡುತ್ತಿದ್ದ.

"ಬಾವ" ಎಂದಳು ಸಣ್ಣತಾಯಮ್ಮ. "ಅದು ನಿಮ್ಮ ಪಾಲಿನ ನೀರು."

"ಹೌದು, ನನ್ನ ಪಾಲಿಂದೇ. ಅದಕ್ಕೇ ನಾನು ಕಡೀತಿರೋದು. ನಿನ್ನದಾಗಿದ್ರೆ ನೀನು ಕಡೀಬೇಕಿತ್ತು."

"ಮಡಿ ಒಣಗಿದ್ರೆ ನಿಮಗೇ ಬರ್ತಿತ್ತು."

"ಬಂದಿದ್ರೆ ನನಗೆ ಚಾಪೆ ಹೆಣೆಯಾಕೆ ಬರ್ತದಾ?"

ಕೊನೆಯ ಹೆಂಟೆ ಬಿಟ್ಟುಕೊಂಡಿತು. ನೀರು ಮೊದಲು ತಡವರಿಸಿ, ಆಮೇಲೆ ದಾರಿ ಕಂಡು, ಒಣಗಿದ ನೆಲದ ಬಿರುಕುಗಳೊಳಗೆ ಸರಸರನೆ ಇಳಿಯಿತು. ಅವನು ಗುದ್ದಲಿಯ ಮೇಲೆ ಕೈಯೂರಿ ನಿಂತ.

"ಎಷ್ಟು ಬಿಡ್ತೀರಿ ಬಾವ?" ಎಂದು ಇವಳು ಕೇಳಿದಳು.

"ಸಾಕು ಅನ್ನು, ಮುಚ್ತೀನಿ."

ಸಣ್ಣತಾಯಮ್ಮ ಕಿತ್ತ ಬುಡಗಳನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದಳು. ನೀರು ಅವಳ ಕಾಲ್ಬೆರಳಿಗೆ ಬಂತು, ಹಿಮ್ಮಡಿಗೆ ಬಂತು. ಅವಳು ಬಗ್ಗಿ, ಕಿತ್ತಿದ್ದನ್ನು ಒಂದೊಂದಾಗಿ ಮತ್ತೆ ಅದೇ ಜಾಗದಲ್ಲಿ ಊರತೊಡಗಿದಳು. ಬೋರಲಿಂಗಯ್ಯ ಕಾಯುತ್ತಿದ್ದ. ಅವಳು ಸಾಕು ಎನ್ನಲಿಲ್ಲ.